ತಿಂದದ್ದು ಮೈಗೆ ಹತ್ತದ ಕತೆ

"ಮಗು ಚೆನ್ನಾಗೇ ಉಣ್ಣುತ್ತೆ, ಆದ್ರೆ ಮೈಗೆ ಹತ್ತಲ್ಲ." ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆಯದ ಮಕ್ಕಳ ತಾಯಂದಿರು ಹೀಗೆ ಹೇಳುವುದನ್ನು ನೀವೂ ಕೇಳಿರುತ್ತೀರಿ. ಯಾರೂ ನಂಬುವುದಿಲ್ಲ. ಸರಿಯಾಗಿ ಉಣಿಸಿಲ್ಲ ಎಂದು ತಾಯಿಯನ್ನೇ ದೂರುತ್ತಾರೆ. ಆದರೆ ಆ ಮಾತಿನಲ್ಲಿ ಎಷ್ಟು ನಿಜವಿದೆ ಎಂದು ತಿಳಿಯಲು ವಿಜ್ಞಾನಿಗಳಿಗೇ ಹಲವು ದಶಕ ಬೇಕಾಯಿತು.

1960ರ ದಶಕ. ಗ್ವಾಟೆಮಾಲಾ ದೇಶದ ಸಾಂತಾ ಮರಿಯಾ ಕೌಕೆ ಎಂಬ ಹಳ್ಳಿ. ಲಿಯೊನಾರ್ಡೊ ಮಾಟಾ ಎಂಬ ವಿಜ್ಞಾನಿಯ ತಂಡ ಅಲ್ಲಿನ ಮಕ್ಕಳನ್ನು ಹುಟ್ಟಿದಾಗಿನಿಂದ ವರ್ಷಗಟ್ಟಲೆ ಗಮನಿಸಿತು. ಎದೆಹಾಲು ಕುಡಿಯುವ ಮೊದಲ ತಿಂಗಳುಗಳಲ್ಲಿ ಚೆನ್ನಾಗಿ ಬೆಳೆದ ಮಕ್ಕಳು, ಬೇರೆ ಆಹಾರ ಶುರುವಾಗುತ್ತಿದ್ದಂತೆ ಮತ್ತೆ ಮತ್ತೆ ಭೇದಿಗೆ ಬಿದ್ದು ಸೊರಗಿದರು.

ಅದೇ ದಶಕದಲ್ಲಿ ಪಾಕಿಸ್ತಾನಕ್ಕೆ ಬಂದ ಅಮೆರಿಕದ ಸ್ವಯಂಸೇವಕರ ಕರುಳನ್ನೂ ವೈದ್ಯರು ಪರೀಕ್ಷಿಸಿದರು. ಇವರು ಉಂಡು ಬೆಳೆದ, ಗಟ್ಟಿಮುಟ್ಟಾದ ಯುವಕರು. ಇಲ್ಲಿಗೆ ಬಂದ ಮೇಲೆ ಆಹಾರದ ಸತ್ವ ಹೀರುವ ಅವರ ಕರುಳಿನ ಒಳಪದರ ಸವೆದಿತ್ತು. ಊರಿಗೆ ಮರಳಿದ ಮೇಲೆ ಅದು ಸುಧಾರಿಸಿತು. ಅಂದರೆ ದೋಷವಿದ್ದದ್ದು ರಕ್ತದಲ್ಲಲ್ಲ, ಬದುಕುವ ಜಾಗದಲ್ಲಿ.

ನಮ್ಮಲ್ಲಿ 1975ರ ಅಕ್ಟೋಬರ್ 2ರಂದು ಐಸಿಡಿಎಸ್ ಶುರುವಾಯಿತು. ಕರ್ನಾಟಕದಲ್ಲಿ ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಅಂಗನವಾಡಿ ಊಟ, ಲಸಿಕೆ, ತೂಕ ನೋಡಿಕೊಂಡಿತು. ಶೌಚಾಲಯದ ಯೋಜನೆ 1986ರಲ್ಲಿ ಬೇರೆಯಾಗಿ ಬಂತು. ಒಂದೇ ಮಗುವಿನ ತಟ್ಟೆ ಒಂದು ಇಲಾಖೆಗೆ, ಚರಂಡಿ ಇನ್ನೊಂದು ಇಲಾಖೆಗೆ ಸೇರಿತು.

2009ರಲ್ಲಿ ಜೀನ್ ಹಂಫ್ರಿ ಎಂಬ ಸಂಶೋಧಕಿ ಒಂದು ವಾದ ಮುಂದಿಟ್ಟರು: ಭೇದಿ ಆಗದಿದ್ದರೂ, ದಿನವೂ ಬಾಯಿಗೆ ಹೋಗುವ ಮಲದ ಕಣಗಳೇ ಮಗುವಿನ ಕರುಳನ್ನು ಸವೆಸಿ ಬೆಳವಣಿಗೆ ತಡೆಯುತ್ತವೆ. ಇದನ್ನು ಒರೆಗೆ ಹಚ್ಚಲು ಬಾಂಗ್ಲಾದೇಶ, ಕೀನ್ಯಾ, ಜಿಂಬಾಬ್ವೆಯಲ್ಲಿ ಸಾವಿರಾರು ಮನೆಗಳಿಗೆ ಶೌಚಾಲಯ, ಕೈತೊಳೆಯುವ ವ್ಯವಸ್ಥೆ, ನೀರು ಶುದ್ಧಮಾಡುವ ಕ್ಲೋರಿನ್ ಕೊಟ್ಟರು. 2018–19ರಲ್ಲಿ ಬಂದ ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು. ಮಕ್ಕಳ ಎತ್ತರ ಹೆಚ್ಚಲಿಲ್ಲ. ಪೂರಕ ಆಹಾರ ಕೊಟ್ಟಲ್ಲಿ ಮಾತ್ರ ತುಸು ಹೆಚ್ಚಿತು.

ಹಾಗಾದರೆ ಶೌಚಾಲಯ ದಂಡವೇ? ಅಲ್ಲ. ಜಿಂಬಾಬ್ವೆಯ ಅಂಗಳಗಳಲ್ಲಿ ಅಂಬೆಗಾಲಿಡುವ ಕೂಸುಗಳು ಮಣ್ಣನ್ನೂ ಕೋಳಿ ಹಿಕ್ಕೆಯನ್ನೂ ಬಾಯಿಗೆ ಹಾಕಿಕೊಳ್ಳುವುದನ್ನು ಸಂಶೋಧಕರು ಕಣ್ಣಾರೆ ಕಂಡಿದ್ದರು. ಮನೆಗೊಂದು ಗುಂಡಿ ತೋಡಿದರೆ ಅಂಗಳ ಶುಚಿಯಾಗದು. ಅರ್ಧಂಬರ್ಧ ಕೆಲಸ ಸಾಲದು, ಇಡೀ ಪರಿಸರವೇ ಬದಲಾಗಬೇಕು ಎಂಬ ತೀರ್ಮಾನಕ್ಕೆ ಅವರು ಬಂದರು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ 100 ಮಕ್ಕಳಲ್ಲಿ 35 ಮಕ್ಕಳ ಬೆಳವಣಿಗೆ ಕುಂಠಿತ. ಮುಂದಿನ ಗ್ರಾಮಸಭೆಯಲ್ಲಿ ಅಂಗನವಾಡಿಯ ಮೊಟ್ಟೆಯ ಬಗ್ಗೆ ಕೇಳಿ. ಜೊತೆಗೆ ನಲ್ಲಿ ಪಕ್ಕದ ಕೊಚ್ಚೆ, ಮನೆ ಮುಂದಿನ ತಿಪ್ಪೆ, ತುಂಬಿದ ಗುಂಡಿಯ ಬಗ್ಗೆಯೂ ಕೇಳಿ. ಬಸುರಿ ಹೆಣ್ಣುಮಗಳ ಊಟದಿಂದ ಹಿಡಿದು ಕೂಸು ಆಡುವ ನೆಲದವರೆಗೆ ಎಲ್ಲವೂ ಆ ಎತ್ತರದ ಲೆಕ್ಕಕ್ಕೆ ಸೇರುತ್ತದೆ. ತಾಯಿಯೊಬ್ಬಳನ್ನೇ ದೂರಿದರೆ ಆ ಲೆಕ್ಕ ಸರಿಹೋಗುವುದಿಲ್ಲ.