ಪೋಕರ್ ವಿಶ್ವ ಸರಣಿ: ಹುಟ್ಟು ಮತ್ತು ಬೆಳವಣಿಗೆ

ಹಳೇ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಯುಗಾದಿಯೆಂದರೆ ಬೇವು-ಬೆಲ್ಲದೊಡನೆ ಇಸ್ಪೀಟೂ ಸೇರಿಕೊಳ್ಳುವುದುಂಟು. ಆ ರೂಢಿ ನಮ್ಮೊಡನೆ ಸಿಂಗಪುರಕ್ಕೂ ಬಂದಿದೆ; ಅಂದರ್-ಬಾಹರ್ ಆಟದ ಜಾಗವನ್ನು ಮಾತ್ರ ಈಚೆಗೆ ಪೋಕರ್ ಹಿಡಿದಿದೆ. ಕಳೆದ ಹಬ್ಬದಂದು ಕಾಲೇಜಿನಲ್ಲಿ ಓದುತ್ತಿರುವ ನನ್ನ ಸೋದರಳಿಯ, “ಮಾವ, ಓದು ಬಿಟ್ಟು ಇದನ್ನೇ ವೃತ್ತಿ ಮಾಡಿಕೊಂಡರೆ ಹೇಗೆ?” ಎಂದು ಕೇಳಿದ. ಅವನ ಕಣ್ಣು ‘ವರ್ಲ್ಡ್ ಸೀರೀಸ್ ಆಫ್ ಪೋಕರ್’ ಮೇಲಿತ್ತು. ಆ ಪಂದ್ಯಾವಳಿಯ ಕಥೆಯನ್ನೇ ಉತ್ತರವಾಗಿ ಹೇಳಿದೆ.

1970ರಲ್ಲಿ ಲಾಸ್ ವೇಗಸ್‌ನ ಹಾರ್ಸ್‌ಷೂ ಕ್ಯಾಸಿನೊದ ಒಡೆಯ ಬೆನ್ನಿ ಬಿನಿಯನ್ ಬೆರಳೆಣಿಕೆಯ ಆಟಗಾರರನ್ನು ಕರೆಸಿ ಇದನ್ನು ಆರಂಭಿಸಿದ. ಆ ವರ್ಷ ಜಾನಿ ಮಾಸ್ ವಿಜೇತನಾದದ್ದು ಸಹ ಆಟಗಾರರ ಮತದಿಂದ. ಎಲ್ಲರ ಬಿಲ್ಲೆಗಳೂ ಒಬ್ಬನ ಕೈಸೇರುವವರೆಗೆ ಆಡುವ ಪದ್ಧತಿ 1971ರಲ್ಲಿ ಬಂತು. ಮುಖ್ಯ ಪಂದ್ಯದ ಪ್ರವೇಶ ಶುಲ್ಕ 1972ರಲ್ಲಿ 10,000 ಡಾಲರ್ ಆಯಿತು. ಇಂದಿಗೂ ಅಷ್ಟೇ ಇದೆ.

ಶುಲ್ಕ ಇಳಿಯದೆಯೂ ಪಂದ್ಯ ಬೆಳೆದದ್ದು ಹೇಗೆ? ಅಲ್ಪ ಹಣದ ಅರ್ಹತಾ ಪಂದ್ಯಗಳಿಂದ. ಅವುಗಳಲ್ಲಿ ಗೆದ್ದವನಿಗೆ ಹಣದ ಬದಲು ಮುಖ್ಯ ಪಂದ್ಯದಲ್ಲಿ ಆಸನ ದೊರೆಯುತ್ತದೆ. 2003ರಲ್ಲಿ ಟೆನೆಸಿಯ ಲೆಕ್ಕಿಗ ಕ್ರಿಸ್ ಮನಿಮೇಕರ್ ನೂರು ಡಾಲರಿಗೂ ಕಡಿಮೆ ಶುಲ್ಕದ ಅಂತರಜಾಲ ಪಂದ್ಯದಿಂದ ಬಂದು, 839 ಮಂದಿಯ ಕಣದಲ್ಲಿ ಗೆದ್ದು 25 ಲಕ್ಷ ಡಾಲರ್ ಪಡೆದ. ಆಟಗಾರರ ಮುಚ್ಚಿದ ಎಲೆಗಳನ್ನು ವೀಕ್ಷಕರಿಗೆ ತೋರಿಸುವ ಪುಟ್ಟ ಕ್ಯಾಮೆರಾ ಈ ಗೆಲುವನ್ನು ಮನೆಮನೆಗೆ ಮುಟ್ಟಿಸಿತು. ಮರುವರ್ಷ 2,576 ಮಂದಿ, 2006ರಲ್ಲಿ 8,773 ಮಂದಿ ಆಡಿದರು. ಅದೇ ವರ್ಷ ಅಮೆರಿಕದ ಹೊಸ ಕಾನೂನು ಅಂತರಜಾಲ ಜೂಜಿನ ಹಣದ ಹರಿವಿಗೆ ತಡೆಯೊಡ್ಡಿತು. 2007ರಲ್ಲಿ ಸಂಖ್ಯೆ 6,358ಕ್ಕೆ ಕುಸಿಯಿತು. 2024ರಲ್ಲಿ ಅದು 10,112ಕ್ಕೆ ಏರಿತ್ತು.

ಆದರೆ ಆ ಬಹುಮಾನ ಹೊರಗಿನಿಂದ ಬಂದ ಸಂಪತ್ತಲ್ಲ. ಆಟಗಾರರೇ ಕಟ್ಟಿದ ಶುಲ್ಕದಲ್ಲಿ ಸಂಘಟಕರ ಪಾಲು ಕಳೆದು ಉಳಿದದ್ದು. ಅದರಲ್ಲಿ ಏನಾದರೂ ಕೈಗೆ ಬರುವುದು ಸುಮಾರು ಶೇಕಡಾ 15 ಮಂದಿಗೆ ಮಾತ್ರ. ಕಣ ಹಿಗ್ಗಿದಷ್ಟೂ ಗೆದ್ದವನ ಗಂಟು ದೊಡ್ಡದಾಗುತ್ತದೆ, ಬರಿಗೈಯಲ್ಲಿ ಮರಳುವವರ ಸಾಲೂ ಉದ್ದವಾಗುತ್ತದೆ.

ಮನಿಮೇಕರ್ ಹೊಕ್ಕ ಬಾಗಿಲು ಸಿಂಗಪುರದಲ್ಲಿ ಮುಚ್ಚಿದೆ. ಪರವಾನಗಿಯಿಲ್ಲದ ಅಂತರಜಾಲ ಜೂಜು ಇಲ್ಲಿ ಅಪರಾಧ. 2010ರಲ್ಲಿ ತೆರೆದ ಎರಡು ಕ್ಯಾಸಿನೊಗಳಿಗೆ ಪ್ರವೇಶಿಸಲು ನಾಗರಿಕರೂ ಕಾಯಂ ನಿವಾಸಿಗಳೂ ದಿನವೊಂದಕ್ಕೆ 150 ಸಿಂಗಪುರ ಡಾಲರ್ ತೆರಬೇಕು. 2022ರ ಜೂಜು ನಿಯಂತ್ರಣ ಕಾಯಿದೆಯು ಮನೆಯಲ್ಲಿ ಬಂಧುಮಿತ್ರರ ಆಟಕ್ಕೆ, ಅದು ವ್ಯಾಪಾರವಾಗದಿದ್ದರೆ, ವಿನಾಯಿತಿ ನೀಡಿದೆ.

ಅಂದು ನಾವು ಹತ್ತು ಮಂದಿ ಹುಣಸೆ ಬೀಜಗಳನ್ನೇ ಪಣವಾಗಿಟ್ಟು ಆಡಿದೆವು. ನಡುರಾತ್ರಿಯ ಹೊತ್ತಿಗೆ ಬೀಜಗಳೆಲ್ಲ ನನ್ನ ಅತ್ತೆಯವರ ಮುಂದಿದ್ದವು. ಅಳಿಯ ತನ್ನ ಬರಿದಾದ ಬಟ್ಟಲನ್ನು ನೋಡುತ್ತ, “ಒಂಬತ್ತು ಜನರದ್ದು ಹೋಯಿತಲ್ಲ” ಎಂದ. ಅವನ ಪ್ರಶ್ನೆಗೆ ನಾನು ಬೇರೆ ಉತ್ತರ ಹುಡುಕಬೇಕಾಗಲಿಲ್ಲ.