ಸಾಯಣರ ಯೋಜನ ಎಷ್ಟು ಕಿಲೋಮೀಟರ್ ಸ್ವಾಮಿ?

ಈ ಮೆಸೇಜ್ ನಿಮ್ಮ ಮೊಬೈಲ್‌ಗೂ ಬಂದಿರುತ್ತೆ: ಬೆಳಕಿನ ವೇಗವನ್ನು ಜಗತ್ತಿಗೆ ಮೊದಲು ಹೇಳಿದ್ದು ನಮ್ಮ ಸಾಯಣಾಚಾರ್ಯರು! ಕೊಪ್ಪ, ಶೃಂಗೇರಿ, ಎನ್.ಆರ್.ಪುರದವರಿಗೆ ಇದು ಮನೆಯ ಮಾತಿದ್ದ ಹಾಗೆ. ಯಾಕಂದ್ರೆ 1380ರಿಂದ 1386ರವರೆಗೆ ಶೃಂಗೇರಿ ಪೀಠದಲ್ಲಿದ್ದ ವಿದ್ಯಾರಣ್ಯರು ಸಾಯಣರ ಅಣ್ಣ ಅನ್ನುತ್ತೆ ಪರಂಪರೆ.

ಮೆಸೇಜ್ ಪೂರ್ತಿ ಕಟ್ಟುಕತೆಯಲ್ಲ. ಋಗ್ವೇದದ ಮೊದಲ ಮಂಡಲದ 50ನೇ ಸೂಕ್ತ ಸೂರ್ಯಸ್ತುತಿ. ಅದರ ಭಾಷ್ಯದಲ್ಲಿ ವಿಜಯನಗರದ ಮಂತ್ರಿಯಾಗಿದ್ದ ಸಾಯಣರು ಹಿಂದಿನವರ ಮಾತೊಂದನ್ನು ನೆನೆಯುತ್ತಾರೆ. ಅರ್ಧ ನಿಮೇಷಕ್ಕೆ 2,202 ಯೋಜನ ಸಾಗುವ ಸೂರ್ಯನಿಗೆ ನಮಸ್ಕಾರ ಅನ್ನೋದು ಅದರ ಅರ್ಥ. ಗಮನಿಸಿ, ಅಲ್ಲಿ ನಮಸ್ಕಾರ ಸೂರ್ಯನಿಗೆ. ಬೆಳಕಿಗೂ ಒಂದು ವೇಗ ಇದೆ ಅಂತ ರೋಮರ್ ತೋರಿಸಿದ್ದು 1676ರಲ್ಲಿ, ಸಾಯಣರಾದ ಸುಮಾರು 300 ವರ್ಷಕ್ಕೆ.

ಈಗ ಲೆಕ್ಕಕ್ಕೆ ಬರೋಣ. ಯೋಜನ ಅಂದ್ರೆ ಎಷ್ಟು? ಆರ್ಯಭಟ ಭೂಮಿಯ ವ್ಯಾಸ 1,050 ಯೋಜನ ಅಂದ. ಅಲ್ಲಿಗೆ ಒಂದು ಯೋಜನಕ್ಕೆ ಸುಮಾರು 12 ಕಿ.ಮೀ. ಸೂರ್ಯಸಿದ್ಧಾಂತ ಅದೇ ವ್ಯಾಸ 1,600 ಯೋಜನ ಅನ್ನುತ್ತೆ. ಅಲ್ಲಿಗೆ 8 ಕಿ.ಮೀ. ಮೆಸೇಜ್‌ನವರು ಹಿಡಿಯೋದು 9 ಮೈಲಿ, ಅಂದ್ರೆ ಹದಿನಾಲ್ಕೂವರೆ ಕಿ.ಮೀ. ಇನ್ನು ನಿಮೇಷ? ವಿಷ್ಣುಪುರಾಣದ ಲೆಕ್ಕದಲ್ಲಿ ದಿನಕ್ಕೆ 4,05,000. ಮನುಸ್ಮೃತಿಯಲ್ಲಿ 4,86,000.

ವಿಷ್ಣುಪುರಾಣದ ನಿಮೇಷ, 9 ಮೈಲಿ ಯೋಜನ ಹಿಡಿದರೆ ಸೆಕೆಂಡಿಗೆ ಸುಮಾರು 2.99 ಲಕ್ಷ ಕಿ.ಮೀ. ಆಹಾ, ಕರಾರುವಾಕ್ಕು! ಅದೇ ನಿಮೇಷಕ್ಕೆ ಸೂರ್ಯಸಿದ್ಧಾಂತದ ಯೋಜನ ಹಾಕಿ, 1.65 ಲಕ್ಷಕ್ಕೆ ಇಳಿಯುತ್ತೆ. ಮನುವಿನ ನಿಮೇಷಕ್ಕೆ 9 ಮೈಲಿ ಹಾಕಿ, 3.59 ಲಕ್ಷ. ಅಂದ್ರೆ ಬೆಳಕನ್ನೇ ಹಿಂದಿಕ್ಕಿದ ಬೆಳಕು!

ಇದೇ ಆಟ ಅಮೆರಿಕದ ಟಿವಿಯಲ್ಲೂ ನಡೆದಿದೆ. 1966ರಲ್ಲಿ ಶುರುವಾದ ಸ್ಟಾರ್ ಟ್ರೆಕ್‌ನ ಲೆಕ್ಕದಲ್ಲಿ ವಾರ್ಪ್ 6 ಅಂದ್ರೆ ಬೆಳಕಿನ 216 ಪಟ್ಟು ವೇಗ. 1987ರ ಸರಣಿಗೆ ಅಳತೆ ಬದಲಾಯಿಸಿದರು, ಅದೇ ವಾರ್ಪ್ 6 ಸುಮಾರು 392 ಪಟ್ಟಾಯ್ತು. ವಾರ್ಪ್ 10 ಅನಂತ ವೇಗ, ಅದನ್ನು ಮುಟ್ಟೋಕಾಗಲ್ಲ ಅಂದರು. ಅದೇ ಸರಣಿಯ 1994ರ ಕೊನೆಯ ಕಂತಿನಲ್ಲಿ ಹಡಗು ವಾರ್ಪ್ 13ರಲ್ಲಿ ಓಡಿತು! ಕತೆಗೆ ಬೇಕಾದ ವೇಗ ಮೊದಲು, ಅಳತೆ ಆಮೇಲೆ. ಕತೆ ಬರೆಯೋರಿಗೆ ಆ ಸ್ವಾತಂತ್ರ್ಯ ಇದೆ. ಇತಿಹಾಸ ಹೇಳೋರಿಗೆ ಇಲ್ಲ.

ನಾನು ಎಂಜಿನಿಯರಿಂಗ್ ಓದಿದವನು. ಉತ್ತರ ಗೊತ್ತಾದ ಮೇಲೆ ಯೂನಿಟ್ ಆರಿಸಿದರೆ ಅದನ್ನು ಲೆಕ್ಕ ಅನ್ನಲ್ಲ, ಹೊಂದಾಣಿಕೆ ಅಂತೀವಿ. ಮ್ಯಾಕ್ಸ್ ಮುಲ್ಲರ್ 1849ರಿಂದ 1874ರವರೆಗೆ ಆರು ಸಂಪುಟಗಳಲ್ಲಿ ಋಗ್ವೇದ ಅಚ್ಚು ಹಾಕಿಸಿದಾಗ ಜೊತೆಗಿಟ್ಟಿದ್ದು ಸಾಯಣರ ಭಾಷ್ಯವನ್ನೇ. ಜಗತ್ತು ವೇದ ಓದಿದ್ದು ನಮ್ಮ ನೆಲದ ಒಬ್ಬ ವಿದ್ವಾಂಸನ ಕೈ ಹಿಡಿದು. ಆ ಹೆಮ್ಮೆಗೆ ಯಾವ ಯೋಜನವನ್ನೂ ಎಳೆದು ಉದ್ದ ಮಾಡಬೇಕಿಲ್ಲ.