ಶಿವನಸಮುದ್ರದ ಬೆಳಕು, ಕೋಲಾರದ ಕತ್ತಲು

ಮದ್ದೂರಿನಿಂದ ಮಳವಳ್ಳಿ ದಾಟಿ ಶಿವನಸಮುದ್ರಕ್ಕೆ ಹೋದಾಗಲೆಲ್ಲ ಬ್ಲಫ್‌ನ ವಿದ್ಯುದಾಗಾರ ನೋಡುತ್ತಾ ನಿಲ್ಲುತ್ತೇನೆ. 1902ರಲ್ಲಿ ಇಲ್ಲಿಂದ ಹೊರಟ ವಿದ್ಯುತ್ತು ನಮ್ಮ ಮಂಡ್ಯವನ್ನು ಬಿಟ್ಟು, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಕಾವೇರಿಯ ಬಲದಿಂದ ಅಲ್ಲಿನ ಯಂತ್ರಗಳು ತಿರುಗಿದವು.

ಚಿನ್ನಕ್ಕಾಗಿ ತೋಡಿದ ಆಳ ಮುಂದೆ ವಿಜ್ಞಾನಿಗಳಿಗೂ ಬೇಕಾಯಿತು. ಆಕಾಶದಿಂದ ಸುರಿಯುವ ಕಾಸ್ಮಿಕ್ ಕಿರಣಗಳನ್ನು ಬಂಡೆ ತಡೆಯುತ್ತದೆ. ಆ ಗದ್ದಲ ಅಡಗಿದರೆ ಮಾತ್ರ ಅಪರೂಪದ ಕಣದ ಸುಳಿವು ಸಿಕ್ಕೀತು. 1965ರಲ್ಲಿ, ಸುಮಾರು 2,300 ಮೀಟರ್ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಇಂಗ್ಲೆಂಡಿನವರೊಡನೆ ಸೇರಿ ವಾತಾವರಣದ ನ್ಯೂಟ್ರಿನೊಗಳ ಗುರುತು ಹಿಡಿದರು. ಅದೇ ಗಣಿಯಲ್ಲಿ, ಗೊತ್ತಿದ್ದ ಯಾವ ಕಣಕ್ಕೂ ಹೊಂದದ ಕೆಲವು ಜಾಡುಗಳೂ ಕಂಡವು. ಗೆಲಾಕ್ಸಿಗಳನ್ನು ಸೆಳೆದು ಹಿಡಿದಿಟ್ಟರೂ ಬೆಳಕು ಬೀರದ ಕಪ್ಪುದ್ರವ್ಯ ಒಡೆದು ಇವು ಹುಟ್ಟಿರಬಹುದೇ ಎಂದು 2014ರಲ್ಲಿ ಎಂ.ವಿ.ಎನ್. ಮೂರ್ತಿ ಮತ್ತು ಜಿ. ರಾಜಶೇಖರನ್ ಕೇಳಿದರು. ಉತ್ತರ ಇನ್ನೂ ಸಿಕ್ಕಿಲ್ಲ.

ಈಗ ಕಪ್ಪುದ್ರವ್ಯದ ಹುಡುಕಾಟಕ್ಕೆ ಕ್ವಾಂಟಮ್ ಸಂವೇದಕಗಳೂ ಬಂದಿವೆ. ಆಕ್ಸಿಯಾನ್ ಎಂಬ ಬಹಳ ಹಗುರ ಕಣ ಇರುವುದೇ ನಿಜವಾದರೆ, ಬಲವಾದ ಕಾಂತಕ್ಷೇತ್ರದಲ್ಲಿ ಅದು ಮೈಕ್ರೋವೇವ್ ಫೋಟಾನ್ ಆಗಬಲ್ಲದು. ಅಂಥ ಒಂದೊಂದೇ ಫೋಟಾನನ್ನು ಹಿಡಿಯಲು ಉಪಕರಣವನ್ನು ಪರಮ ಶೂನ್ಯದ ಹತ್ತಿರಕ್ಕೆ ತಣಿಸುತ್ತಾರೆ. ಕೋಲಾರದಲ್ಲಿ ಬಂಡೆ ಕೊಟ್ಟ ನಿಶ್ಶಬ್ದವನ್ನು ಇಲ್ಲಿ ಚಳಿ ಕೊಡುತ್ತದೆ.

ಗಣಿ 2001ರಲ್ಲಿ ಮುಚ್ಚಿತು. ಆ ಜಾಡುಗಳನ್ನು ಅದೇ ಜಾಗದಲ್ಲಿ ಮತ್ತೆ ಹುಡುಕುವ ಅವಕಾಶವೂ ಹೋಯಿತು. ಚಿನ್ನ ಮುಗಿದರೂ ಆ ಆಳಕ್ಕೊಂದು ಬೆಲೆ ಉಳಿದಿತ್ತು ಎಂದು, ಬ್ಲಫ್‌ನಲ್ಲಿ ನಿಂತಾಗಲೆಲ್ಲ ನನಗನಿಸುತ್ತದೆ.